ಕೇಳಿಸಿದರೆ ಕೈ ಎತ್ತಿ

ಐದು ಜನ ಕುಳಿತಿದ್ದ ಕೋಣೆಯ ವಿಡಿಯೋವನ್ನು ಯಾರೋ ಕತ್ತರಿಸಿ ಇಬ್ಬರದ್ದು ಮಾಡಿದರು. ಉಳಿದ ಇಬ್ಬರು ಸಫೀರ್ ಮತ್ತು ಪ್ರಣೀತಾ. ಅವಳು ಅವನ ಎಡಗಿವಿಯ ಹತ್ತಿರ ಬಾಗಿ ಏನನ್ನೋ ಹೇಳುತ್ತಾಳೆ, ಅವನು ನಗುತ್ತಾನೆ, ಹಿನ್ನೆಲೆಯಲ್ಲಿ ಸಂಗೀತ. ಅಡಿಯಲ್ಲಿ ಹೀಗೆ ಬರೆದಿದ್ದರು: ಶುಕ್ರವಾರ ಸಂಜೆ, ಪುತ್ತೂರಿನ ಬ್ಯಾರಿಯ ಸೌಂಡ್ಸ್ ಅಂಗಡಿ, ಶಟರ್ ಎಳೆದು, ಸುಳ್ಯದ ಗೌಡರ ಹುಡುಗಿ. ಮಂಗಳವಾರ ಬೆಳಗಾಗುವಾಗ ಪುತ್ತೂರು, ಸುಳ್ಯ, ಕಡಬದ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಅದು ತಲುಪಿತ್ತು. ಮಧ್ಯಾಹ್ನ ಸಫೀರನ ಅಂಗಡಿಯ ಬೋರ್ಡು ರಸ್ತೆಯಲ್ಲಿ ಬಿದ್ದಿತ್ತು.

ಸುಳ್ಯ ಕಡೆಯ ಐವರ್ನಾಡಿನ ಪ್ರಣೀತಾ ಪುತ್ತೂರಿನ ಒಂದು ಕಿವಿ ಮೂಗು ಗಂಟಲಿನ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವವಳು. ಸದ್ದು ಬಾರದ ಒಂದು ಗಾಜಿನ ಗೂಡು. ಒಳಗೆ ಹೆಡ್‌ಫೋನ್ ಹಾಕಿಕೊಂಡ ರೋಗಿ, ಹೊರಗೆ ಅವಳು ಮತ್ತು ಅವಳ ಮೆಷಿನ್. ಎಲ್ಲರಿಗೂ ಅವಳು ಹೇಳುವುದು ಒಂದೇ ಮಾತು. ಕೇಳಿಸಿದರೆ ಕೈ ಎತ್ತಿ.

ಆ ಕೆಲಸ ಅವಳನ್ನು ಅನುಮಾನದವಳನ್ನಾಗಿ ಮಾಡಿತ್ತು. ಪರಿಹಾರಕ್ಕಾಗಿ ಕಿವುಡು ನಟಿಸುವವರು, ಮದುವೆಗೆ ಮುಂಚೆ ಕಿವುಡು ಅಡಗಿಸುವವರು, ಎಲ್ಲರನ್ನೂ ಅವಳು ಕಂಡಿದ್ದಳು. ವಿಡಿಯೋಕ್ಕೆ ಕೆಲವು ವಾರ ಮುಂಚೆ ಸಫೀರ್ ಮೊದಲ ಸಲ ಬಂದು ಗೂಡಿನೊಳಗೆ ಕುಳಿತಾಗ, ಅವಳು ಸದ್ದನ್ನೇ ಹಾಕದಿದ್ದರೂ ಕೈ ಎತ್ತಿದ.

“ನಾನು ಎಂತದೂ ಹಾಕ್ಲಿಲ್ಲ,” ಎಂದಳು ಮೈಕಿನಲ್ಲಿ.

“ಗೊತ್ತುಂಟು. ನಿಮ್ಮ ಹಿಂದೆ ಫ್ರಿಜ್ ಶುರುವಾಯ್ತಲ್ಲ.”

ಅವಳು ತಿರುಗಿ ನೋಡಿದಳು. ಮದ್ದಿಡುವ ಹಳೆಯ ಫ್ರಿಜ್ ಗುಂಯ್ ಎನ್ನುತ್ತಿತ್ತು. ಗೂಡಿನ ಬಾಗಿಲು ಕೂದಲೆಳೆಯಷ್ಟು ತೆರೆದಿತ್ತು.

“ಫ್ರಿಜ್ಜಿಗೆಲ್ಲ ಕೈ ಎತ್ತಬಾರದು.”

“ಕೇಳಿಸಿದರೆ ಎತ್ತಿ ಅಂದದ್ದು ನೀವು. ಯಾವುದು ಅಂತ ಹೇಳ್ಲಿಲ್ಲ.”

ಗಾಜಿನಾಚೆ ಅವನ ಮುಖ ತೀರಾ ಗಂಭೀರವಾಗಿತ್ತು. ಕಣ್ಣು ಮಾತ್ರ ನಗುತ್ತಿತ್ತು. ಹೆಡ್‌ಫೋನ್ ಒತ್ತಿ ಎದ್ದುನಿಂತ ಅವನ ಒಂದು ಗುಂಪು ಕೂದಲನ್ನು ನೋಡುತ್ತಾ ಅವಳು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಗುಂಡಿ ಒತ್ತಿ ಹಿಡಿದಳು.

ಬಲಗಿವಿ ಸರಿ ಇತ್ತು. ಎಡಗಿವಿಯಲ್ಲಿ ಮೇಲಿನ ಸ್ವರಗಳು ಹೋಗಿದ್ದವು, ಹತ್ತಿರದ ಮಾತು ಮಾತ್ರ ಕೇಳುತ್ತಿತ್ತು. ಮಸ್ಕತ್ತಿನ ಒಂದು ದೊಡ್ಡ ರಂಗಮಂದಿರದಲ್ಲಿ ಅವನು ಧ್ವನಿ ವಿಭಾಗದಲ್ಲಿದ್ದ. ಊರಿಗೆ ಬಂದ ಮೇಲೆ ಮದುವೆ, ಉರೂಸ್, ವಾರ್ಷಿಕೋತ್ಸವಗಳ ಸ್ಪೀಕರುಗಳ ಮಗ್ಗುಲಲ್ಲೇ ಬದುಕು.

“ಇದು ಹೊರಗೆ ಗೊತ್ತಾಗಬಾರದು,” ಎಂದ. “ಕಿವಿ ಕೇಳದ ಮೈಕಿನವನನ್ನು ಯಾರು ಕರೀತಾರೆ?”

“ನಾವು ಯಾರಿಗೂ ಹೇಳುದಿಲ್ಲ.”

“ಆದಿತ್ಯವಾರ ಅಂಗಡಿಗೆ ಬನ್ನಿ. ನಾವು ನಾಲ್ಕು ಜನ ಸೇರಿ ಸಂಗೀತ ಕೇಳುದುಂಟು. ನನಗೆ ಎಡಗಡೆಗೆ ಒಂದು ಕಿವಿ ಬೇಕು.”

“ಇದು ಎಲ್ಲರ ಹತ್ತಿರ ಹೊಡೆಯುವ ಡೈಲಾಗಾ?”

“ಹೊಡೆಯಬೇಕಾದ್ರೆ ಎಲ್ಲರಿಗೂ ಈ ಕಿವಿಯ ಕಥೆ ಹೇಳಬೇಕಲ್ಲ.”

ಅವಳು ನಂಬಲಿಲ್ಲ. ನಾಲ್ಕು ಜನ ಅಂದದ್ದು ಲೆಕ್ಕದಲ್ಲಿ ಮೂರೇ ಎಂದು ಆಮೇಲೆ ಗೊತ್ತಾಯಿತು. ಅವಳನ್ನೂ ಮೊದಲೇ ಸೇರಿಸಿ ಎಣಿಸಿದ್ದ. ನಂಬದೆಯೂ ಹೋದಳು. ಕಾವಲಿಗೆ ಚಿಕ್ಕಪ್ಪನ ಮಗ ಉದಯನನ್ನು ಕರೆದುಕೊಂಡು ಹೋದಳು.

ಅಂಗಡಿಯ ಹಿಂದಿನ ಕೋಣೆಯ ಗೋಡೆಗೆ ಹಳೆಯ ಕಂಬಳಿ ಹೊಡೆದಿದ್ದರು. ಎರಡು ಮೂಲೆಗೆ ಎರಡು ಸ್ಪೀಕರ್. ಬಲಗಡೆಯ ಸ್ಪೀಕರಿಗೆ ತಾಗಿದ ಈಸಿಚೇರು ಬೆಟ್ಟಂಪಾಡಿಯ ಜತ್ತಪ್ಪ ಮೇಸ್ಟ್ರದ್ದು. ನಿವೃತ್ತ ಅಧ್ಯಾಪಕರು, ವೇಷವಿಲ್ಲದೆ ಕುಳಿತು ಯಕ್ಷಗಾನದ ಪಾತ್ರಗಳಾಗಿ ಮಾತಿನಲ್ಲೇ ವಾದ ಮಾಡುವ ತಾಳಮದ್ದಳೆಯಲ್ಲಿ ಹೆಸರಿರುವ ಅರ್ಥಧಾರಿ. ನಡುವೆ ಚಾಪೆಯಲ್ಲಿ ಲೈಬ್ರರಿಯ ಊರ್ಮಿಳಾ. ಎಡಗಡೆ ಮಿಕ್ಸರಿನ ಮುಂದೆ ಸಫೀರ್. ಅವನ ಎಡಕ್ಕೆ ಒಂದು ಖಾಲಿ ಪ್ಲಾಸ್ಟಿಕ್ ಸ್ಟೂಲು. ಅದು ತನ್ನದು ಎಂದು ಯಾರೂ ಹೇಳದೆ ಪ್ರಣೀತಾಳಿಗೆ ಗೊತ್ತಾಯಿತು. ಉದಯ ಬಾಗಿಲ ಹತ್ತಿರ ಕೇಬಲ್ ಸುರುಳಿಗೆ ಒರಗಿ ಕುಳಿತ, ಎರಡನೇ ನಿಮಿಷಕ್ಕೆ ನಿದ್ರೆ ಹೋದ.

ಕೇಳುತ್ತಿದ್ದದ್ದು ಬರೋಕ್ ಕಾಲದ ಒಂದು ದೊಡ್ಡ ಮಾಸ್, ಅಂದರೆ ಇಗರ್ಜಿಯ ಪೂಜೆಗೆ ಹಾಡುವ ಪದ್ಯಗಳ ಸಾಲು. ಮುನ್ನೂರು ವರ್ಷದ ಹಿಂದೆ ಜರ್ಮನಿಯ ಒಬ್ಬ ಇಗರ್ಜಿ ಸಂಗೀತಗಾರ ಬರೆದದ್ದು. ಅದನ್ನೇ ಬೇರೆ ಬೇರೆಯವರು ಹಾಡಿದ ಮೂರು ರೆಕಾರ್ಡಿಂಗ್ ಸಫೀರನಲ್ಲಿದ್ದವು. ಕೋಣೆಯ ನಿಯಮ ಒಂದೇ: ಯಾರು ಹಾಡಿದ್ದು, ಯಾವ ಕಾಲದ್ದು ಎಂದು ಮೊದಲೇ ಹೇಳುವ ಹಾಗಿಲ್ಲ. ಕೇಳಬೇಕು, ಕೇಳಿದ್ದನ್ನು ಹೇಳಬೇಕು, ಆಮೇಲೆ ಹೆಸರು.

“ಹೆಸರು ಮೊದಲು ಗೊತ್ತಾದ್ರೆ ಕಿವಿ ಕೆಲಸ ನಿಲ್ಲಿಸ್ತದೆ ಮಾರಾಯ್ರೆ,” ಎನ್ನುತ್ತಿದ್ದರು ಜತ್ತಪ್ಪ ಮೇಸ್ಟ್ರು. “ನಮ್ಮಲ್ಲೂ ಹಾಗೆಯೇ. ಪ್ರಸಂಗ ಒಂದೇ, ಅರ್ಥ ಹೇಳುವವ ಬದಲಾದ್ರೆ ಕಥೆಯೇ ಬೇರೆ. ಆದ್ರೆ ಜನ ನೋಟೀಸಿನಲ್ಲಿ ಹೆಸರು ನೋಡಿಯೇ ಚಪ್ಪಾಳೆಗೆ ತಯಾರಾಗಿ ಬರ್ತಾರೆ.”

ಮೊದಲನೆಯದು ನೂರು ಜನರ ತಂಡ. ನಿಧಾನ, ಅಗಲ, ಬೆಳಗ್ಗೆ ಘಾಟಿಯಲ್ಲಿ ಮಂಜು ಇಳಿದ ಹಾಗೆ. ಒಂದು ಮರವೂ ಬೇರೆಯಾಗಿ ಕಾಣುವುದಿಲ್ಲ. ಎರಡನೆಯದರಲ್ಲಿ ಹಳೆಯ ಕಾಲದ ವಾದ್ಯಗಳು, ಹೆಂಗಸರ ಬದಲು ಚಿಕ್ಕ ಹುಡುಗರು. ಓಟ ಜಾಸ್ತಿ.

“ಇದು ಶಾಲೆ ಬಿಟ್ಟ ಹಾಗೆ ಉಂಟು,” ಎಂದಳು ಊರ್ಮಿಳಾ.

“ಆದ್ರೆ ಯಾರೂ ಬೀಳುದಿಲ್ಲ ನೋಡಿ,” ಎಂದ ಸಫೀರ್.

ಪ್ರಣೀತಾ ಅವನಿಗೆ ಕೇಳಿಸದ್ದನ್ನು ಅವನ ಎಡಗಿವಿಗೆ ಹೇಳುತ್ತಿದ್ದಳು. ಈಗ ಕೊಳಲು ಮೇಲೆ ಹೋಯಿತು. ಈಗ ಒಬ್ಬ ಹುಡುಗನ ಸ್ವರ ಒಡೆಯಿತು. ಅವನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ. ಅವನ ರೆಪ್ಪೆಯ ನಡುಕದಿಂದ, ತಾನು ಹೇಳಿದ ಸ್ವರ ಅವನೊಳಗೆ ಎಲ್ಲಿಗೆ ಮುಟ್ಟಿತು ಎಂದು ಅವಳಿಗೆ ತಿಳಿಯುತ್ತಿತ್ತು. ಅಷ್ಟು ಹತ್ತಿರದಿಂದ ಅವಳು ಯಾವ ರೆಪ್ಪೆಯನ್ನೂ ನೋಡಿರಲಿಲ್ಲ. ಅವನಿಂದ ತಂತಿ ಬೆಸೆಯುವ ಸೋಲ್ಡರಿನ ವಾಸನೆ ಬರುತ್ತಿತ್ತು, ಅದರಡಿಯಲ್ಲಿ ಸ್ವಲ್ಪ ಅತ್ತರು.

ಇಬ್ಬರೂ ಏನನ್ನೂ ಹೇಳಿಕೊಳ್ಳಲಿಲ್ಲ. ‘ನೀವು’ ಎನ್ನುವುದನ್ನು ಬಿಡಲಿಲ್ಲ. ವಾರಗಳು ಹೋದವು.

ವಿಡಿಯೋ ಬಂದ ದಿನ ಸುಳ್ಯದಿಂದ ಹರಿಪ್ರಸಾದ್ ಮಾವ ಐವರ್ನಾಡಿಗೆ ಬಂದರು. ಅವಳ ತಾಯಿಯ ಅಣ್ಣ, ಹಾರ್ಡ್‌ವೇರ್ ಅಂಗಡಿಯ ಯಜಮಾನರು, ಹಿಂದೂ ಸಂಘಟನೆಯಲ್ಲಿ ದೊಡ್ಡ ಹೆಸರು. ಕಾಫಿ ಮುಟ್ಟಲಿಲ್ಲ.

“ಹುಡುಗ ಬ್ಯಾರಿ. ನೀನು ನಮ್ಮವಳು. ಪದ್ಯ ಕ್ರಿಸ್ತಾನರದ್ದು. ಇದರ ಹಿಂದೆ ಎಂತದೂ ಇಲ್ಲ ಅಂತ ನಾನು ನಂಬಬೇಕಾ?”

“ಮಾವಾ, ಅಲ್ಲಿ ಐದು ಜನ ಇದ್ದದ್ದು.”

“ಶುಕ್ರವಾರವೂ ಐದು ಜನವಾ?”

ಆ ಶುಕ್ರವಾರ ಅವಳು ಒಬ್ಬಳೇ ಹೋದದ್ದು ನಿಜ. ನೂರು ಜನರ ತಂಡದ ಸೀಡಿ ಹಿಂದೆ ಕೊಡಲು. ಬಿಸಿಲು ಎಂದು ಅವನು ಶಟರ್ ಅರ್ಧ ಇಳಿಸಿದ್ದ. ಸೀಡಿಯ ಒಂದು ಭಾಗವನ್ನು ಒಟ್ಟಿಗೆ ಕೇಳಿದ್ದರು, ಅವಳು ಬಸ್ಸಿಗೆ ಹೊರಟಿದ್ದಳು. ಅದು ಇಬ್ಬರಿಗೆ ಮಾತ್ರ ಗೊತ್ತು ಎಂದು ಅವಳು ತಿಳಿದಿದ್ದಳು.

“ಅವನ ಅಂಗಡಿ, ಅವನ ಕ್ಯಾಮೆರಾ,” ಎಂದರು ಮಾವ. “ನಿನ್ನನ್ನು ಕಟ್ಟಿಹಾಕಲಿಕ್ಕೆ ಅವನೇ ತೆಗೆದು ಅವನೇ ಬಿಟ್ಟದ್ದು. ಇದೆಲ್ಲ ಕ್ರಮ ಉಂಟು ಇವರದ್ದು. ಯೋಚನೆ ಮಾಡು.”

ಅವಳು ಯೋಚನೆ ಮಾಡಿದಳು, ಅದೇ ಅವಳಿಗೆ ನಾಚಿಕೆ. ಕ್ರಮ ಉಂಟು ಎಂಬ ಮಾತು ಈ ಊರಿನಲ್ಲಿ ಎಷ್ಟು ಹುಡುಗಿಯರ ಬಾಯಿ ಮುಚ್ಚಿಸಿದೆ ಎಂದು ಗೊತ್ತಿದ್ದೂ, ಸ್ಟೂಲು ಮೊದಲೇ ಅಲ್ಲಿ ಯಾಕಿತ್ತು ಎಂದು ಯೋಚಿಸಿದಳು. ನಾಲ್ಕು ಜನ ಎಂದು ಸುಳ್ಳು ಯಾಕೆ ಹೇಳಿದ ಎಂದು ಯೋಚಿಸಿದಳು. ಅವನ ಎರಡು ಫೋನ್ ಕರೆ ಎತ್ತಲಿಲ್ಲ.

ಆಗ ಅವನ ಮೆಸೇಜು ಬಂತು. ‘ಉದಯನನ್ನು ಕರ್ಕೊಂಡು ಬರುದು ಕಾವಲಿಗೆ ಅಂತ ಗೊತ್ತಿತ್ತು. ವಿಡಿಯೋ ತೆಗೆಯಲಿಕ್ಕೆ ಅಂತ ಗೊತ್ತಿರಲಿಲ್ಲ.’

ಅವಳು ಫೋನನ್ನು ಮಗುಚಿ ಇಟ್ಟಳು. ಅಂದರೆ ಅವನ ಮನೆಯಲ್ಲಿಯೂ ಯಾರೋ ಬಂದು ಕುಳಿತು, ಕಾಫಿ ಮುಟ್ಟದೆ, ‘ಇವರ ಕ್ರಮ’ ಎಂದು ಹೇಳಿ ಹೋಗಿದ್ದರು.

ಮರುದಿನ ಮಧ್ಯಾಹ್ನ ಕ್ಲಿನಿಕ್ ಊಟಕ್ಕೆ ಮುಚ್ಚಿದಾಗ ಅವಳು ಆ ವಿಡಿಯೋವನ್ನು ಮೆಷಿನಿಗೆ ಹಾಕಿ, ತಾನೇ ಗೂಡಿನೊಳಗೆ ಹೋಗಿ, ಹೆಡ್‌ಫೋನ್ ಹಾಕಿ, ಬಾಗಿಲನ್ನು ಸರಿಯಾಗಿ ಎಳೆದುಕೊಂಡಳು. ಫೋನಿನ ಸಣ್ಣ ಸ್ಪೀಕರಿನಲ್ಲಿ ಅದು ಎಲ್ಲರಿಗೂ ಬರೀ ಗದ್ದಲ. ಕಣ್ಣು ಮುಚ್ಚಿದಳು. ಹೆಸರಿಲ್ಲದೆ ಕೇಳುವುದು ಅವಳಿಗೆ ಈಗ ಅಭ್ಯಾಸ.

ಮಂಜು ಇರಲಿಲ್ಲ. ಒಂದೊಂದು ಸ್ವರಸಾಲಿಗೆ ಒಬ್ಬೊಬ್ಬರೇ. ಪ್ರತಿ ಗಂಟಲೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಇದು ಮೂರನೆಯ ರೆಕಾರ್ಡಿಂಗ್. ಶುಕ್ರವಾರ ಕೇಳಿದ ನೂರು ಜನರದ್ದಲ್ಲ. ಇದನ್ನು ಸಫೀರ್ ಮೊದಲ ಸಲ ಹಾಕಿದ್ದೇ ಅದರ ನಂತರದ ಆದಿತ್ಯವಾರ, ಎಲ್ಲರೂ ಇದ್ದಾಗ.

ಮತ್ತೆ ಹಾಕಿದಳು. ಇದು ಹಾಡುವವರು ಎರಡು ತಂಡವಾಗಿ ಎಡಕ್ಕೂ ಬಲಕ್ಕೂ ನಿಂತು ಒಬ್ಬರಿಗೊಬ್ಬರು ಉತ್ತರ ಕೊಡುವ ಭಾಗ. ಬಲಗಡೆಯ ತಂಡ ಕಿವಿಯೊಳಗೇ ನಿಂತ ಹಾಗಿತ್ತು. ಎಡಗಡೆಯದ್ದು ತೋಡಿನ ಆಚೆಯಿಂದ ಕೂಗಿದ ಹಾಗೆ. ತೆಗೆದ ಫೋನು ಬಲಗಡೆಯ ಸ್ಪೀಕರಿಗೆ ತಾಗಿಯೇ ಇತ್ತು.

ಆಮೇಲೆ ಎರಡೂ ತಂಡಗಳು ಒಟ್ಟಿಗೆ ಹಾಡು ನಿಲ್ಲಿಸುವ ಒಂದು ಗಳಿಗೆ ಬಂತು. ಆ ಮೌನದಲ್ಲಿ, ಯಾವ ಸಂಗೀತಗಾರನೂ ಬರೆಯದ ಒಂದು ಕೆಳಸ್ವರ ಎಳೆದುಕೊಂಡು ಹೋಯಿತು. ಉದಯನ ಗೊರಕೆ.

ಅವಳಿಗೆ ನಗು ಬಂತು. ನಗು ಪೂರ್ತಿಯಾಗುವ ಮೊದಲು, ಅದೇ ಮೌನದಲ್ಲಿ, ಇನ್ನೊಂದು ಸದ್ದು.

ಅಂದು ಅವಳು ಅವನ ಕಿವಿಗೆ ಹೇಳಿದ್ದು ಅವಳಿಗೆ ನೆನಪಿತ್ತು: “ಬಲಗಡೆಯ ತಂಡದಲ್ಲಿ ಒಬ್ಬಳು ಉಸಿರು ತೆಗೊಳ್ಳುದನ್ನೇ ಮರೆತಿದ್ದಾಳೆ.” ಅವನು ನಕ್ಕು ಆಚೆ, ಬಲಗಡೆಯ ಸ್ಪೀಕರಿನ ಕಡೆಗೆ ತಿರುಗಿದ್ದ. ಗಂಟಲು ಸರಿಮಾಡಿಕೊಂಡ ಎಂದು ಅವಳು ತಿಳಿದಿದ್ದಳು. ಗಂಟಲಲ್ಲ. ಆಚೆ ತಿರುಗಿ, ಯಾರಿಗೂ ಅಲ್ಲದೆ, ಅವನು ಹೇಳಿದ್ದ: “ನೀವು ಪಕ್ಕದಲ್ಲಿ ಕೂತ್ರೆ ನನ್ನ ಕಥೆಯೂ ಅದೇ.”

ಸದ್ದಿಲ್ಲದ ಗೂಡಿನಲ್ಲಿ ಅವಳು ಒಬ್ಬಳೇ ಕುಳಿತು, ಎದುರು ಯಾರೂ ಇಲ್ಲದಿದ್ದರೂ, ಕೈ ಎತ್ತಿದಳು.

ಹೊರಗೆ ಬಂದು ಉತ್ತರ ಬರೆದಳು. ‘ಉದಯ ನಿದ್ರೆಯಲ್ಲಿದ್ದ. ವಿಡಿಯೋದಲ್ಲಿ ಗೊರಕೆ ಉಂಟು, ಕೇಳಿ.’

ಬಹಳ ಹೊತ್ತಿನ ಮೇಲೆ ಬಂತು: ‘ಗೊರಕೆ ಕೇಳಿತು. ಕ್ಷಮಿಸಿ. ಬೇರೆ ಎಂತ ಉಂಟು ಅದರಲ್ಲಿ?’

‘ಎದುರು ಸಿಕ್ಕಿದಾಗ ಹೇಳ್ತೇನೆ.’

ಬಲಗಡೆಯ ಸ್ಪೀಕರಿಗೆ ತಾಗಿದ ಕುರ್ಚಿ ಯಾರದ್ದು ಎಂದು ಇಬ್ಬರೂ ಬರೆಯಲಿಲ್ಲ.

ಜತ್ತಪ್ಪ ಮೇಸ್ಟ್ರು ಆ ಸಂಜೆ ಪುತ್ತೂರಿನ ಒಂದು ಸಭಾಭವನದಲ್ಲಿ ಅರ್ಥ ಹೇಳುತ್ತಿದ್ದರು. ಸತ್ಯ ಎಂದರೇನು ಎಂದು ಎದುರು ಕುಳಿತವನಿಗೆ ಬೆವರಿಳಿಸಿ, ಚಪ್ಪಾಳೆ ತೆಗೆದುಕೊಂಡು ವೇದಿಕೆ ಇಳಿದರು. ಮೆಟ್ಟಿಲ ಬುಡದಲ್ಲಿ ಪ್ರಣೀತಾ ನಿಂತಿದ್ದಳು.

“ಮೇಸ್ಟ್ರೇ, ವಿಡಿಯೋ ತೆಗೆದದ್ದು ನೀವು.”

ಅವರು ಶಾಲನ್ನು ಮಡಚಿದರು, ಬಿಡಿಸಿದರು. “ಯಾರು ಹೇಳಿದ್ದು?”

“ಬಲಗಡೆಯ ತಂಡ.”

ಅವರು ಗೋಡೆಯ ಬದಿಗೆ ಸರಿದರು. “ನಮ್ಮ ತಾಳಮದ್ದಳೆಯವರ ಗ್ರೂಪಿಗೆ ಹಾಕಿದ್ದು ಮಗಾ. ಯಾವ ಅರ್ಥಧಾರಿ ಹೇಗೆ ಅಂತ ನಾವು ತುಂಡು ತುಂಡು ಹಾಕಿ ಚರ್ಚೆ ಮಾಡುದಿಲ್ವಾ, ಹಾಗೆ. ನೋಡಿ, ಇವರೂ ಎದುರುಬದುರು ಕೂತು ನಮ್ಮ ಹಾಗೇ ವಾದ ಮಾಡ್ತಾರೆ ಅಂತ. ಅದ್ರಿಂದ ಯಾರೋ ಕತ್ತರಿಸಿದ್ದು. ಶುಕ್ರವಾರ ನೀನು ಹೋದದ್ದನ್ನು ಎದುರಿನ ಅಂಗಡಿಯವರು ನೋಡಿರಬೇಕು. ನನ್ನ ಮನಸ್ಸಿನಲ್ಲಿ ಎಂತದೂ ಇರ್ಲಿಲ್ಲ.”

“ಕತ್ತರಿಸಿದ್ದು ಗೊತ್ತಾದ ಮೇಲೆ ಹೇಳ್ಲಿಲ್ಲ ಯಾಕೆ?”

“ಹೇಳಿದ್ರೆ ನನ್ನನ್ನು ನಾಳೆಯಿಂದ ಯಾವ ಕೂಟಕ್ಕೂ ಕರೀಲಿಕ್ಕಿಲ್ಲ.”

ಕತ್ತರಿಸಿದವನ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. ಇದು ಸಿಟ್ಟಲ್ಲ, ಅದಕ್ಕಿಂತ ತಣ್ಣಗಿನದ್ದು. ಊರನ್ನು ಸುಡುವವರು ಕೆಲವೇ ಜನ. ಸುಡುವಾಗ ಶಾಲು ಮಡಚುತ್ತಾ ನಿಲ್ಲುವ ಒಳ್ಳೆಯವರು ಊರು ತುಂಬ.

“ಶನಿವಾರ ಮಾವನ ಅಂಗಡಿಯ ಮಾಳಿಗೆಯಲ್ಲಿ ಪಂಚಾತಿಕೆ ಉಂಟು,” ಎಂದಳು. “ನೀವು ಬರ್ತೀರಿ. ವೇದಿಕೆಯಲ್ಲಿ ಹೇಳಿದ್ದನ್ನು ಅಲ್ಲಿ ಒಂದು ಸಲ ಹೇಳಿ.”

ಅವರು ಬಂದರು. ಅದನ್ನು ಅವಳು ಮರೆಯಲಿಲ್ಲ.

ಮಾಳಿಗೆಯಲ್ಲಿ ಬಣ್ಣದ ಡಬ್ಬಗಳ ವಾಸನೆ. ಮೇಜಿನ ಒಂದು ಬದಿಗೆ ಹರಿಪ್ರಸಾದ್ ಮಾವ ಮತ್ತು ಅವಳ ಅಪ್ಪ, ಇನ್ನೊಂದು ಬದಿಗೆ ಕಡಬದ ಮೂಸಕುಂಞಿ. ಸಫೀರನ ಸೋದರಮಾವ, ಮಸೀದಿಯ ಕಮಿಟಿಯವರು. ಸಫೀರನನ್ನು ಒಂದು ಬೆಂಚಿನಲ್ಲಿ ಕೂರಿಸಿದ್ದರು. ತುಟಿಯ ಬದಿ ಒಡೆದಿತ್ತು. ಯಾರು ಹೊಡೆದದ್ದು ಎಂದು ಯಾರೂ ಕೇಳಲಿಲ್ಲ. ಅವಳನ್ನು ಆ ಬೆಂಚಿನ ಇನ್ನೊಂದು ತುದಿಗೆ ಕೂರಿಸಿದರು. ಅವಳು ಅವನ ಎಡಕ್ಕೆ ಬಂದಿದ್ದಳು.

ಜತ್ತಪ್ಪ ಮೇಸ್ಟ್ರು ಎದ್ದು ನಿಂತು, ತಗ್ಗಿದ ಸ್ವರದಲ್ಲಿ, ಅಲಂಕಾರ ಇಲ್ಲದೆ, ವಿಡಿಯೋ ತಾವು ತೆಗೆದದ್ದು, ಐದು ಜನ ಇದ್ದದ್ದು, ಶುಕ್ರವಾರ ಅಲ್ಲ ಎಂದು ಹೇಳಿದರು. ಪ್ರಣೀತಾ ಗೊರಕೆಯನ್ನು ಕೇಳಿಸಿದಳು. ಮಾವ ಎರಡು ಸಲ ಕೇಳಿ ಬಾಗಿಲ ಹತ್ತಿರ ನಿಂತಿದ್ದ ಉದಯನನ್ನು ನೋಡಿದರು.

“ಇದು ನಿಂದಾ?”

“ನಿದ್ರೆಯಲ್ಲಿ ನನಗೆ ಹೇಗೆ ಗೊತ್ತಾಗುದು ಮಾವಾ,” ಎಂದ ಉದಯ. “ಆದ್ರೆ ಮನೆಯಲ್ಲಿ ಎಲ್ಲರೂ ಇದೇ ರಾಗ ಅಂತಾರೆ.”

ಮೂಸಕುಂಞಿಯವರ ಗಡ್ಡದೊಳಗೆ ಒಂದು ನಗು ಬಂದು ಹೋಯಿತು. ಮಾವ ನಗಲಿಲ್ಲ. “ಸರಿ. ಕಿವಿಯಲ್ಲಿ ಹೇಳುದು ಎಂತಕ್ಕೆ? ಬಾಯಿ ಬಿಟ್ಟು ಹೇಳಬಾರದಾ?”

ಹೇಳಿದರೆ ಅವನ ಹೊಟ್ಟೆಪಾಡು ಹೋಗುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಮಾವ ಅವಳ ಮೌನವನ್ನು ತಮಗೆ ಬೇಕಾದ ಹಾಗೆ ಓದಿಕೊಳ್ಳುತ್ತಿದ್ದರು.

“ನನಗೆ ಎಡಗಿವಿ ಸರಿ ಇಲ್ಲ,” ಎಂದ ಸಫೀರ್. “ಮೇಲಿನ ಸ್ವರ ಕೇಳುದಿಲ್ಲ. ಅವರು ಹೇಳ್ತಾ ಇದ್ದದ್ದು ಅದನ್ನು.”

ಮೂಸಕುಂಞಿ ತಲೆ ಎತ್ತಿದರು. “ಎಂತ ಹೇಳ್ತೀ ನೀನು? ನಾಳೆ ಮೈಕಿಗೆ ಯಾರು ಕರೀತಾರೆ ನಿನ್ನನ್ನು?”

“ಕರೀದಿದ್ರೆ ಬೇಡ ಮಾಮಾ.”

ಪ್ರಣೀತಾ ಅವನತ್ತ ನೋಡಲಿಲ್ಲ. ನೋಡಿದರೆ ಎಲ್ಲವೂ ಮುಖದಲ್ಲಿ ಬರುತ್ತಿತ್ತು. ಬೆಂಚಿನ ಮರದಲ್ಲಿ ಅವನ ಬೆರಳುಗಳು ಹಿಡಿದ ತಾಳ ಅವಳ ಅಂಗೈಗೆ ತಲುಪುತ್ತಿತ್ತು, ಅಷ್ಟೇ ಸಾಕಾಯಿತು.

“ಒಳ್ಳೆಯದೇ ಆಯ್ತು,” ಎಂದರು ಮಾವ. ಅವರ ಸ್ವರ ಸಡಿಲವಾಗಿತ್ತು. “ಹಾಗಾದ್ರೆ ನಿಮ್ಮೊಳಗೆ ಎಂತದೂ ಇಲ್ಲ. ನಾನೂ ಅದನ್ನೇ ಬಯಸಿದ್ದು.” ಮೇಜಿನ ಡ್ರಾವರ್ ಎಳೆದು, ಕೇಸರಿ ನೂಲಿಗೆ ಹೊಳೆಯುವ ಬಿಲ್ಲೆ ಹೊಲಿದ ಒಂದು ರಾಖಿಯನ್ನು ತೆಗೆದು ಮುಂದಿಟ್ಟರು. “ಇದನ್ನು ಅವನ ಕೈಗೆ ಕಟ್ಟು. ಅಣ್ಣ ತಂಗಿ ಅಂತ ಹೇಳು. ಉದಯ ವಿಡಿಯೋ ತೆಗೀತಾನೆ. ಈ ವಿಡಿಯೋ ಹೋದ್ರೆ ಆ ವಿಡಿಯೋ ಸಾಯ್ತದೆ. ಅವನ ಬೋರ್ಡು ನಾನೇ ಹಾಕಿಸಿ ಕೊಡ್ತೇನೆ.”

“ನಮ್ಮ ಕಡೆಯಿಂದಲೂ ಅಡ್ಡಿ ಇಲ್ಲ,” ಎಂದರು ಮೂಸಕುಂಞಿ. “ಒಂದು ನೂಲಲ್ಲವಾ. ಕೈ ಕೊಡು ಮೋನೆ.”

ಎರಡು ಕಡೆಯ ಹಿರಿಯರು ಒಂದೇ ಮಾತಿಗೆ ಇಷ್ಟು ಬೇಗ ಒಪ್ಪಿದ್ದನ್ನು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಒಂದು ಪ್ರೀತಿಯನ್ನು ಕೊಲ್ಲುವುದಿದ್ದರೆ ಈ ಊರಿನಲ್ಲಿ ಎಂಥ ಸೌಹಾರ್ದ.

ಸಫೀರ್ ಕೈಯನ್ನು ಮೇಜಿನ ಮೇಲೆ ಇಟ್ಟ. ಅವಳಿಗಾಗಿ ಇಟ್ಟದ್ದು ಅದು. ಅವನ ಮುಖ ಅತ್ತ ತಿರುಗಿತ್ತು. ಅಪ್ಪ ರಾಖಿಯನ್ನು ಎತ್ತಿ ಅವಳ ಅಂಗೈಯಲ್ಲಿ ಹಾಕಿದರು. “ಕಟ್ಟು ಮಗಾ. ಮುಗೀಲಿ. ಮನೆಗೆ ಹೋಗುವ.”

ನೂಲು ಹಗುರವಾಗಿತ್ತು. ಕಟ್ಟಿದರೆ ಎಲ್ಲವೂ ಹಿಂದೆ ಬರುತ್ತದೆ: ಅಂಗಡಿ, ಕೆಲಸ, ಬಸ್ಸಿನಲ್ಲಿ ತಲೆಯೆತ್ತಿ ಕೂರುವುದು. ಆದಿತ್ಯವಾರ ಕೂಡ ಬರಬಹುದು. ಸ್ಟೂಲು ಅಲ್ಲೇ ಇರುತ್ತದೆ. ಅದರಲ್ಲಿ ಅವನ ತಂಗಿ ಕೂರುತ್ತಾಳೆ.

ಉದಯ ಫೋನ್ ಎತ್ತಿ ಹಿಡಿದಿದ್ದ.

ಪ್ರಣೀತಾ ಬಾಗಿದಳು. ರಾಖಿಯ ಕಡೆಗಲ್ಲ. ಎಲ್ಲರೂ ನೋಡುತ್ತಿರುವಾಗ, ಅವನ ಎಡಗಿವಿಯ ಹತ್ತಿರ.

“ಆ ವಿಡಿಯೋದಲ್ಲಿ ನೀವು ಆಚೆ ತಿರುಗಿ ಹೇಳಿದ್ದು ನನಗೆ ಕೇಳಿಸಿತು,” ಎಂದಳು. “ನನ್ನದೂ ಅದೇ ಕಥೆ. ನಾನು ಇದನ್ನು ಕಟ್ಟುದಿಲ್ಲ.”

ಎಷ್ಟು ಮೆಲ್ಲಗೆ ಹೇಳಿದಳೆಂದರೆ ಅವನಿಗೆ ಮುಟ್ಟಿತೋ ಇಲ್ಲವೋ ಎಂದು ಅವಳಿಗೇ ಅನುಮಾನವಾಯಿತು. ನೆಟ್ಟಗೆ ಕುಳಿತು ರಾಖಿಯನ್ನು ಮೇಜಿನ ಮೇಲೆ, ಮಾವನ ಮುಂದೆ ಇಟ್ಟಳು.

“ಎಂತ ಹೇಳಿದ್ದು ಅವಳು?” ಎಂದರು ಹರಿಪ್ರಸಾದ್ ಮಾವ.

ಸಫೀರನ ಕೈ ಮೇಜಿನಿಂದ ಮೆಲ್ಲನೆ ಎದ್ದಿತು. ಮೊಣಕೈ, ಭುಜ, ತಲೆಯನ್ನು ದಾಟಿ ಮೇಲೆ ಹೋಯಿತು. ಮೊದಲ ದಿನ ಗಾಜಿನ ಗೂಡಿನೊಳಗೆ ಎತ್ತಿದ ಹಾಗೆ.

“ಕೈ ಕೆಳಗೆ ಹಾಕು,” ಎಂದರು ಮಾವ.

“ಮೋನೆ, ಕೈ ಇಳಿಸು,” ಎಂದರು ಮೂಸಕುಂಞಿ.

ಅವನು ಇಳಿಸಲಿಲ್ಲ.